ಮೂವತ್ತೇಳರ ಗೆರೆ

ರಕ್ತಪರೀಕ್ಷೆಯ ವರದಿಯಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಮೊದಲನೆಯದರಲ್ಲಿ ಪರೀಕ್ಷೆಯ ಹೆಸರು, ಎರಡನೆಯದರಲ್ಲಿ ನಮ್ಮ ರಕ್ತದಲ್ಲಿ ಸಿಕ್ಕ ಅಂಕಿ, ಮೂರನೆಯದರಲ್ಲಿ ಅದು ಎಷ್ಟರೊಳಗೆ ಇರಬೇಕಿತ್ತು ಎಂಬ ಮಿತಿ. ಕವರು ಒಡೆದ ಕೂಡಲೇ ಎಲ್ಲರೂ ನೋಡುವುದು ಎರಡನೆಯ ಅಂಕಣದಲ್ಲಿ ಏನಾದರೂ ದಪ್ಪಕ್ಷರದಲ್ಲಿ ಅಚ್ಚಾಗಿದೆಯೇ ಎಂದು. ಮೂರನೆಯ ಅಂಕಣದ ಗೆರೆಯನ್ನು ಯಾರು, ಯಾವಾಗ, ಯಾರ ರಕ್ತವನ್ನು ನೋಡಿ ಎಳೆದರು ಎಂದು ಕೇಳುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಸಿಎ 19-9 ಎಂಬ ಪರೀಕ್ಷೆಯ ಎದುರಿಗೆ ಆ ಗೆರೆ ಬಹುಮಟ್ಟಿಗೆ 37. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆಯೆಂದು ಗೊತ್ತಾದ ಮನೆಗಳಲ್ಲಿ ಈ ಅಂಕಿ ಮುಂದಿನ ದಿನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಳಿದರೆ ಸಮಾಧಾನ, ಏರಿದರೆ ಮಾತು ನಿಲ್ಲುತ್ತದೆ. ಹಣೆಬರಹವನ್ನು ಓದುವಂತೆಯೇ ಅದನ್ನು ಓದುತ್ತಾರೆ.

ವೈದ್ಯಕೀಯದ ಇತಿಹಾಸವನ್ನು ಓದುತ್ತಿರುವ ನನಗೆ ಕುತೂಹಲ ಹುಟ್ಟಿದ್ದು ಅಲ್ಲಿಯೇ. ಹಣೆಬರಹವನ್ನು ಬರೆದವನು ಬ್ರಹ್ಮ ಎನ್ನುತ್ತೇವೆ. ಈ 37ನ್ನು ಬರೆದವರು ಮನುಷ್ಯರು. ಅವರಿಗೆ ಹೆಸರು, ಊರು, ಇಸವಿ ಎಲ್ಲವೂ ಇವೆ. ಅವರು ಹುಡುಕುತ್ತಿದ್ದುದೇ ಬೇರೆ, ಸಿಕ್ಕಿದ್ದೇ ಬೇರೆ. ಆ ಕಥೆ ಗೊತ್ತಾದರೆ ಅಂಕಿ ಏನು ಹೇಳುತ್ತಿದೆ, ಏನು ಹೇಳುತ್ತಿಲ್ಲ ಎಂಬುದು ಸ್ವಲ್ಪ ಸ್ಪಷ್ಟವಾಗುತ್ತದೆ.

ರೋಗಿ ಎಷ್ಟು ದಿನ ಉಳಿದಾನು ಎಂಬ ಪ್ರಶ್ನೆ ರೋಗವನ್ನು ವಾಸಿಮಾಡುವ ವಿದ್ಯೆಯಷ್ಟೇ ಹಳೆಯದು. ಚರಕಸಂಹಿತೆಯಲ್ಲಿ ಇಂದ್ರಿಯಸ್ಥಾನ ಎಂಬ ಇಡೀ ಭಾಗವೇ ಇದಕ್ಕೆ ಮೀಸಲು. ಹನ್ನೆರಡು ಅಧ್ಯಾಯಗಳಲ್ಲಿ ಮೈಬಣ್ಣ, ದನಿ, ವಾಸನೆ, ಕನಸು, ನೆರಳು ಹೀಗೆ ಸಾವಿನ ಮುನ್ಸೂಚನೆಗಳನ್ನು ವಿವರಿಸಲಾಗಿದೆ. ಇವುಗಳಿಗೆ ಅರಿಷ್ಟ ಎಂದು ಹೆಸರು. ಸಾಧ್ಯ ಯಾವುದು, ಅಸಾಧ್ಯ ಯಾವುದು ಎಂದು ತಿಳಿಯದೆ ಅಸಾಧ್ಯ ರೋಗಕ್ಕೆ ಕೈಹಾಕಿದ ವೈದ್ಯ ತನ್ನ ಹೆಸರನ್ನೂ ಸಂಪಾದನೆಯನ್ನೂ ಕಳೆದುಕೊಳ್ಳುತ್ತಾನೆ ಎಂಬ ಎಚ್ಚರಿಕೆಯೂ ಅದೇ ಗ್ರಂಥದಲ್ಲಿ ಬೇರೆಡೆ ಇದೆ. ಇಂದ್ರಿಯಸ್ಥಾನದ ಕೊನೆಯಲ್ಲಿ ಇನ್ನೊಂದು ಮಾತು ಬರುತ್ತದೆ: ಅರಿಷ್ಟವನ್ನು ಕಂಡ ವೈದ್ಯ ಯಾರೂ ಕೇಳದೆ ಸಾವಿನ ಸುದ್ದಿಯನ್ನು ಹೇಳಕೂಡದು, ಕೇಳಿದರೂ, ಹೇಳಿದರೆ ರೋಗಿಗೋ ಅವನ ಕಡೆಯವರಿಗೋ ಆಘಾತವಾಗುವಂತಿದ್ದರೆ ಹೇಳಕೂಡದು. ತಿಳಿಯುವುದು ಒಂದು, ತಿಳಿಸುವುದು ಇನ್ನೊಂದು ಎಂಬ ವಿವೇಕ ಇಲ್ಲಿದೆ. ಇವತ್ತಿನ ಲ್ಯಾಬಿನ ವರದಿಗೆ ಈ ವಿವೇಕವಿಲ್ಲ. ಮೊಬೈಲಿಗೆ ಬಂದ ಪಿಡಿಎಫ್ ಯಾರ ಕೈಗೆ ಮೊದಲು ಸಿಕ್ಕಿತೋ ಅವರಿಗೆ ಎಲ್ಲವನ್ನೂ ಹೇಳಿಬಿಡುತ್ತದೆ.

ಚರಕನ ವೈದ್ಯ ಹೊರಗಿನಿಂದ ನೋಡಿದ್ದನ್ನು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವೈದ್ಯರು ದೇಹದ ದ್ರವಗಳಲ್ಲಿ ಹುಡುಕತೊಡಗಿದರು. 1845ರ ನವೆಂಬರಿನಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯ-ರಸಾಯನಶಾಸ್ತ್ರಜ್ಞನಿಗೆ ಒಬ್ಬ ವ್ಯಾಪಾರಿಯ ಮೂತ್ರದ ಮಾದರಿ ಬಂತು. ಆ ರೋಗಿಗೆ ಮೂಳೆಗಳಲ್ಲಿ ತಡೆಯಲಾರದ ನೋವು. ಮೂತ್ರದಲ್ಲಿ ವಿಚಿತ್ರವಾದ ಪ್ರೋಟೀನೊಂದು ಸಿಕ್ಕಿತು: ಆಮ್ಲ ಹಾಕಿದರೆ ಗಟ್ಟಿಯಾಗುತ್ತಿತ್ತು, ಕಾಯಿಸಿದರೆ ಕರಗುತ್ತಿತ್ತು, ತಣಿದರೆ ಮತ್ತೆ ಗಟ್ಟಿಯಾಗುತ್ತಿತ್ತು. ರೋಗಿ ಕೆಲವೇ ವಾರಗಳಲ್ಲಿ ತೀರಿಕೊಂಡ. ಮೂಳೆಮಜ್ಜೆಯ ಕ್ಯಾನ್ಸರಾದ ಮೈಲೋಮಾದ ಗುರುತು ಅದು. ದೇಹದ್ರವದಲ್ಲಿ ಕ್ಯಾನ್ಸರಿನ ಸುಳಿವು ಸಿಕ್ಕ ಮೊದಲ ಪ್ರಸಂಗವೆಂದು ಇತಿಹಾಸಕಾರರು ಇದನ್ನೇ ಹೇಳುತ್ತಾರೆ.

ಇಪ್ಪತ್ತು ವರ್ಷಗಳ ನಂತರ, 1865ರಲ್ಲಿ, ಪ್ಯಾರಿಸಿನ ಆರ್ಮಾನ್ ಟ್ರೂಸೋ ರಕ್ತದ ಕಡೆಗೆ ಬೆರಳು ತೋರಿಸಿದ. ಕಾರಣವಿಲ್ಲದೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ರೋಗಿಗಳಲ್ಲಿ ಹಲವರ ಹೊಟ್ಟೆಯೊಳಗೆ ಕ್ಯಾನ್ಸರ್ ಅಡಗಿರುತ್ತದೆ ಎಂದು ಅವನು ಪಾಠ ಹೇಳಿದ. 1867ರಲ್ಲಿ ಅವನ ಅಂಗದಲ್ಲಿಯೇ ಅಂಥ ಹೆಪ್ಪು ಕಾಣಿಸಿತು. ತನಗೆ ಉಳಿಗಾಲವಿಲ್ಲವೆಂದು ಶಿಷ್ಯನಿಗೆ ತಾನೇ ಹೇಳಿದ, ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡ. ತಾನು ಕಂಡುಹಿಡಿದ ಸೂಚಕವೇ ತನ್ನ ಸಾವನ್ನು ಹೇಳಿದ್ದು ವೈದ್ಯಕೀಯದ ಚರಿತ್ರೆಯಲ್ಲಿ ಅಪರೂಪ. ಟ್ರೂಸೋ ಹೇಳಿದ ಆ ಹೆಪ್ಪುಗಟ್ಟುವಿಕೆ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರುಗಳಲ್ಲಿ ಮೇದೋಜೀರಕದ್ದೂ ಒಂದು ಎಂಬುದು ಮುಂದೆ ಖಚಿತವಾಯಿತು.

ಈ ಗ್ರಂಥಿಯ ಕ್ಯಾನ್ಸರಿಗೆ ಸೂಚಕದ ಅಗತ್ಯ ಬೇರೆ ಕ್ಯಾನ್ಸರುಗಳಿಗಿಂತ ಹೆಚ್ಚು. ಮೇದೋಜೀರಕ ಹೊಟ್ಟೆಯ ಹಿಂದೆ, ಬೆನ್ನುಮೂಳೆಯ ಹತ್ತಿರ ಅಡ್ಡಡ್ಡವಾಗಿ ಮಲಗಿದೆ. ಕೈಯಿಂದ ಒತ್ತಿ ನೋಡಿದರೆ ಸಿಗುವುದಿಲ್ಲ. ಗಡ್ಡೆ ಸಾಕಷ್ಟು ಬೆಳೆದು ಪಿತ್ತನಾಳವನ್ನು ಒತ್ತಿದಾಗ ಕಣ್ಣು ಹಳದಿಯಾಗುತ್ತದೆ, ಅಥವಾ ಬೆನ್ನುನೋವು, ತೂಕ ಇಳಿಕೆ ಶುರುವಾಗುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ. 1935ರಲ್ಲಿ ನ್ಯೂಯಾರ್ಕಿನ ಆಲನ್ ವಿಪಲ್ ಗ್ರಂಥಿಯ ತಲೆಭಾಗವನ್ನೂ ಸಣ್ಣಕರುಳಿನ ಮೊದಲ ಭಾಗವನ್ನೂ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದ. ಇವತ್ತಿಗೂ ಅವನ ಹೆಸರಿನಲ್ಲೇ ನಡೆಯುವ ಆ ಚಿಕಿತ್ಸೆ ರೋಗ ಪತ್ತೆಯಾದವರಲ್ಲಿ ಸಣ್ಣ ಪಾಲಿಗೆ ಮಾತ್ರ ಸಾಧ್ಯ. 2022ರ ಜಾಗತಿಕ ಅಂದಾಜಿನಂತೆ ಆ ವರ್ಷ ಈ ಕ್ಯಾನ್ಸರ್ ಬಂದವರು ಸುಮಾರು 5.1 ಲಕ್ಷ, ಸತ್ತವರು ಸುಮಾರು 4.67 ಲಕ್ಷ. ಎರಡು ಅಂಕಿಗಳ ನಡುವಿನ ಅಂತರ ಇಷ್ಟು ಕಡಿಮೆ ಇರುವ ಕ್ಯಾನ್ಸರುಗಳು ಹೆಚ್ಚಿಲ್ಲ. ಅಮೆರಿಕದಲ್ಲಿ ಕೂಡ ಐದು ವರ್ಷ ಬದುಕುವವರು ನೂರಕ್ಕೆ ಹದಿಮೂರರಷ್ಟು ಮಾತ್ರ.

37ರ ಕಥೆ ಶುರುವಾಗುವುದು 1975ರಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ. ಅರ್ಜೆಂಟೀನಾದಲ್ಲಿ ಹುಟ್ಟಿದ ಸೆಸಾರ್ ಮಿಲ್‌ಸ್ಟೀನ್ ಮತ್ತು ಜರ್ಮನಿಯ ಗಿಯೋರ್ಗ್ ಕೋಲರ್ ಎರಡು ಜೀವಕೋಶಗಳನ್ನು ಬೆಸೆದರು. ಒಂದು, ಪ್ರತಿಕಾಯ ತಯಾರಿಸುವ, ಆದರೆ ಬೇಗ ಸಾಯುವ ಇಲಿಯ ಕೋಶ. ಇನ್ನೊಂದು, ಸಾಯದೆ ವಿಭಜನೆಯಾಗುತ್ತಲೇ ಇರುವ ಮೈಲೋಮಾ ಕೋಶ. ಬೆಸುಗೆಯಿಂದ ಹುಟ್ಟಿದ ಕೋಶ ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸುತ್ತಿತ್ತು. ಬೆನ್ಸ್ ಜೋನ್ಸನ ರೋಗಿಯನ್ನು ಕೊಂದ ಬಗೆಯ ಕ್ಯಾನ್ಸರಿನ ಕೋಶವೇ ಈಗ ಪ್ರಯೋಗಾಲಯದ ಕೂಲಿಯಾಳಾಯಿತು. ಇದಕ್ಕಾಗಿ ಇಬ್ಬರಿಗೂ 1984ರಲ್ಲಿ ನೊಬೆಲ್ ಬಂತು, ನೀಲ್ಸ್ ಯೆರ್ನೆಯ ಜೊತೆಗೆ.

ಮಿಲ್‌ಸ್ಟೀನ್ ಈ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ವಿಷಯವನ್ನು ಬ್ರಿಟನ್ನಿನ ಸಂಬಂಧಪಟ್ಟ ಸಂಸ್ಥೆಗೆ ತಿಳಿಸಲಾಗಿತ್ತು, ಅದು ಮುಂದುವರಿಸಲಿಲ್ಲ. ಕೇಳಿದ ವಿಜ್ಞಾನಿಗಳಿಗೆಲ್ಲ ತಮ್ಮ ಮೈಲೋಮಾ ಕೋಶಗಳನ್ನು ಮಿಲ್‌ಸ್ಟೀನ್ ಕಳಿಸುತ್ತಿದ್ದರು. ಹಾಗೆ ಪಡೆದವರಲ್ಲಿ ಒಬ್ಬರು ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ನಿರ್ದೇಶಕ ಹಿಲರಿ ಕೊಪ್ರೋವ್‌ಸ್ಕಿ. ಪೋಲೆಂಡಿನ ಯಹೂದಿ, ಪಿಯಾನೋ ಕಲಿತವರು, 1939ರಲ್ಲಿ ದೇಶಬಿಟ್ಟು ಬ್ರೆಜಿಲ್ ಮೂಲಕ ಅಮೆರಿಕ ಸೇರಿದವರು, ಸೇಬಿನ್‌ಗಿಂತ ಮೊದಲೇ 1950ರಲ್ಲಿ ಬಾಯಿಯ ಮೂಲಕ ಕೊಡುವ ಪೋಲಿಯೊ ಲಸಿಕೆಯನ್ನು ಮಗುವೊಂದರ ಮೇಲೆ ಪರೀಕ್ಷಿಸಿದವರು. ಅವರ ತಂಡ ಇದೇ ತಂತ್ರದಿಂದ ತಯಾರಿಸಿದ ಪ್ರತಿಕಾಯಗಳಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆಯಿತು. 1979ರಲ್ಲಿ ಸೆಂಟೊಕಾರ್ ಎಂಬ ಕಂಪನಿ ಹುಟ್ಟಿತು, ಕೊಪ್ರೋವ್‌ಸ್ಕಿ ಅದರ ಸಂಸ್ಥಾಪಕರಲ್ಲಿ ಒಬ್ಬರು. ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವಾಯಿತು, ಪ್ರಧಾನಿ ಮಾರ್ಗರೇಟ್ ಥ್ಯಾಚರ್ ಕೂಡ ಸಿಟ್ಟಾದರು. ಒಬ್ಬರು ಹಂಚಿದ್ದನ್ನು ಇನ್ನೊಬ್ಬರು ಬೇಲಿ ಹಾಕಿ ಮಾರುವುದು ಸರಿಯೇ ಎಂಬ ಪ್ರಶ್ನೆ ಅಂದು ಎದ್ದದ್ದು ಇಂದಿಗೂ ತೀರಿಲ್ಲ. ಬೇಲಿ ಹಾಕದಿದ್ದರೆ ಪರೀಕ್ಷೆಯ ಕಿಟ್ ಅಷ್ಟು ಬೇಗ ಆಸ್ಪತ್ರೆ ತಲುಪುತ್ತಿತ್ತೇ ಎಂದು ಕೇಳುವವರ ಮಾತಿನಲ್ಲೂ ಹುರುಳಿದೆ.

ಅದೇ 1979ರಲ್ಲಿ ಕೊಪ್ರೋವ್‌ಸ್ಕಿ ತಂಡದ ಪ್ರಬಂಧವೊಂದು ಪ್ರಕಟವಾಯಿತು. ದೊಡ್ಡ ಕರುಳಿನ ಕ್ಯಾನ್ಸರಿನ ಕೋಶಗಳನ್ನು ಇಲಿಗಳಿಗೆ ಚುಚ್ಚಿ, ಅವುಗಳಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿದ ವಿವರ ಅದರಲ್ಲಿತ್ತು. ಚುಚ್ಚಿದ ಕೋಶಗಳ ಹೆಸರು ಎಸ್‌ಡಬ್ಲ್ಯು 1116. ಟೆಕ್ಸಾಸಿನ ಸ್ಕಾಟ್ ಅಂಡ್ ವೈಟ್ ಚಿಕಿತ್ಸಾಲಯದ ರೋಗಿಯೊಬ್ಬರ ಗಡ್ಡೆಯಿಂದ ಬೆಳೆಸಿದವು ಅವು. ಎಸ್ ಮತ್ತು ಡಬ್ಲ್ಯು ಆಸ್ಪತ್ರೆಯ ಹೆಸರಿನ ಮೊದಲಕ್ಷರಗಳು. ರೋಗಿಯ ಪಾಲಿಗೆ ಉಳಿದದ್ದು ಒಂದು ಸಂಖ್ಯೆ. ಸಿಕ್ಕ ಪ್ರತಿಕಾಯಗಳಲ್ಲಿ ಒಂದರ ಗುರುತು 19-9. ಲ್ಯಾಬಿನ ದಾಖಲೆ ಪುಸ್ತಕದ ಆ ಗುರುತೇ ಮುಂದೆ ಜಗತ್ತಿನ ಎಲ್ಲ ಆಸ್ಪತ್ರೆಗಳ ವರದಿಗಳಲ್ಲಿ ಉಳಿದುಕೊಂಡಿತು.

ಅವರು ಹುಡುಕುತ್ತಿದ್ದುದು ದೊಡ್ಡ ಕರುಳಿನ ಕ್ಯಾನ್ಸರಿನ ಸೂಚಕವನ್ನು. ಅದಕ್ಕಾಗಲೇ ಒಂದು ಸೂಚಕವಿತ್ತು: 1965ರಲ್ಲಿ ಕೆನಡಾದ ಮಾಂಟ್ರಿಯಲ್ಲಿನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ವಿವರಿಸಿದ ಸಿಇಎ. ಅದಕ್ಕಿಂತ ಒಳ್ಳೆಯದು ಬೇಕಿತ್ತು. ರೋಗಿಗಳ ರಕ್ತದಲ್ಲಿ 19-9 ಹಿಡಿಯುವ ವಸ್ತುವನ್ನು ಅಳೆದಾಗ ಅದು ಕರುಳಿನ ಕ್ಯಾನ್ಸರಿಗಿಂತ ಮೇದೋಜೀರಕದ ಕ್ಯಾನ್ಸರಿನಲ್ಲೇ ಹೆಚ್ಚು ಕಂಡಿತು. ಬಾವಿ ತೋಡಿದ್ದು ಒಂದು ಹೊಲದಲ್ಲಿ, ನೀರು ಬಂದದ್ದು ಪಕ್ಕದ ಹೊಲಕ್ಕೆ.

1983ರಲ್ಲಿ ಸೆಂಟೊಕಾರಿನ ವಿಜ್ಞಾನಿಗಳು ರಕ್ತದಲ್ಲಿ ಇದನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಗೆರೆ ಬಿದ್ದದ್ದು ಅಲ್ಲಿ. ಆರೋಗ್ಯವಂತ ರಕ್ತದಾನಿಗಳ ರಕ್ತವನ್ನು ಅಳೆದು, ಹೆಚ್ಚುಕಡಿಮೆ ಎಲ್ಲರೂ ಯಾವ ಅಂಕಿಯ ಕೆಳಗಿದ್ದರೋ ಅಲ್ಲಿ ಮಿತಿಯನ್ನು ಇಟ್ಟರು: ಒಂದು ಮಿಲಿಲೀಟರಿಗೆ 37 ಯೂನಿಟ್. ಈ ಯೂನಿಟ್ ಗ್ರಾಮಿನಂತೆ, ಮೀಟರಿನಂತೆ ಪ್ರಕೃತಿಯಲ್ಲೋ ಒಪ್ಪಂದದಲ್ಲೋ ನೆಲೆಯಿರುವ ಅಳತೆಯಲ್ಲ. ಆ ಪರೀಕ್ಷೆಗಾಗಿಯೇ ಮಾಡಿಕೊಂಡ ಮಾನದಂಡ. ಆದ್ದರಿಂದಲೇ ಬೇರೆ ಬೇರೆ ಕಂಪನಿಗಳ ಕಿಟ್‌ಗಳಲ್ಲಿ ಒಂದೇ ರಕ್ತ ಬೇರೆ ಬೇರೆ ಅಂಕಿ ತೋರಿಸಬಹುದು. ಪ್ರತಿಬಾರಿಯೂ ಒಂದೇ ಲ್ಯಾಬಿನಲ್ಲಿ ಮಾಡಿಸಿ ಎಂದು ವೈದ್ಯರು ಹೇಳುವುದಕ್ಕೆ ಕಾರಣ ಇದು.

ಹಾಗಾದರೆ 19-9 ಹಿಡಿಯುವ ಆ ವಸ್ತು ಯಾವುದು? 1982ರಲ್ಲಿ ಜಾನ್ ಮಾಗ್ನಾನಿ ಮತ್ತು ಜೊತೆಗಾರರು ಉತ್ತರ ಕೊಟ್ಟರು. ಅದು ಸಕ್ಕರೆಯ ಕೊಂಡಿಗಳ ಒಂದು ಸಣ್ಣ ಸರಪಳಿ, ಲೂಯಿಸ್ ಎಂಬ ರಕ್ತಗುಂಪಿನ ಗುರುತಿಗೆ ಸಿಯಾಲಿಕ್ ಆಮ್ಲದ ಒಂದು ಕೊಂಡಿ ಸೇರಿದ್ದು. ಕ್ಯಾನ್ಸರಿನ ಕಥೆ ಇದ್ದಕ್ಕಿದ್ದಂತೆ ರಕ್ತಗುಂಪುಗಳ ಕಥೆಗೆ ಬಂದು ಸೇರುವುದು ಇಲ್ಲಿ. ಎ, ಬಿ, ಓ ನಮಗೆಲ್ಲ ಗೊತ್ತು. ಲೂಯಿಸ್ ಗುಂಪನ್ನು 1946ರಲ್ಲಿ ಆರ್ಥರ್ ಮೊರಾಂಟ್ ಗುರುತಿಸಿದ. ಈ ಗುಂಪುಗಳೆಲ್ಲ ಮೂಲತಃ ಸಕ್ಕರೆಯ ಕೊಂಡಿಗಳ ವ್ಯತ್ಯಾಸ ಎಂದು ತೋರಿಸಿದವರಲ್ಲಿ ಮುಖ್ಯರು ಲಂಡನ್ನಿನ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್. ಇವರಿಬ್ಬರ ಹೆಸರು ಭಾರತದ ಒಂದು ಪ್ರಸಿದ್ಧ ಪ್ರಬಂಧದಲ್ಲೂ ಇದೆ. 1952ರಲ್ಲಿ ಮುಂಬಯಿಯ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಯಾವ ಗುಂಪಿಗೂ ಹೊಂದದ ರಕ್ತವನ್ನು ಕಂಡು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದಾಗ ಮಾರ್ಗನ್, ವಾಟ್ಕಿನ್ಸ್ ಸಹಲೇಖಕರಾಗಿದ್ದರು. ಇವತ್ತು ರಕ್ತದಾನಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ತುರ್ತು ಕರೆಯಾಗಿ ಬರುವ ಬಾಂಬೆ ಬ್ಲಡ್ ಗ್ರೂಪ್ ಅದೇ. ಅಲ್ಲೂ ಕೊರತೆ ಒಂದು ಸಕ್ಕರೆಯ ಕೊಂಡಿಯದು.

ಲೂಯಿಸ್ ಗುರುತನ್ನು ಕಟ್ಟಲು ಒಂದು ಕಿಣ್ವ ಬೇಕು. ಜನರಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಂದಿಗೆ, ಕೆಲವು ಸಮುದಾಯಗಳಲ್ಲಿ ಇನ್ನೂ ಹೆಚ್ಚು ಮಂದಿಗೆ, ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡುವುದಿಲ್ಲ. ಅದರಿಂದ ಅವರ ಆರೋಗ್ಯಕ್ಕೆ ಏನೂ ತೊಂದರೆಯಿಲ್ಲ. ಆದರೆ ಅವರಿಗೆ ಮೇದೋಜೀರಕದ ಕ್ಯಾನ್ಸರ್ ಬಂದರೆ ಸಿಎ 19-9 ಬಹುತೇಕ ಏರುವುದೇ ಇಲ್ಲ. ವರದಿಯಲ್ಲಿ ಅಂಕಿ ಗೆರೆಯ ಕೆಳಗೆ ತಣ್ಣಗೆ ಕುಳಿತಿರುತ್ತದೆ. ಗಡ್ಡೆ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಪರೀಕ್ಷೆ ಸುಳ್ಳು ಹೇಳಿತು ಎನ್ನುವುದು ಪೂರ್ತಿ ಸರಿಯಲ್ಲ. ಅವರ ದೇಹಕ್ಕೆ ಬಾರದ ಭಾಷೆಯಲ್ಲಿ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ನಿಶ್ಚಿಂತರಾದವರು ನಾವು.

ಹಾಗೆಯೇ ಕ್ಯಾನ್ಸರ್ ಇಲ್ಲದೆಯೂ ಅಂಕಿ ಏರಬಹುದು. ಸಿಎ 19-9 ಪಿತ್ತದ ಮೂಲಕ ಹೊರಹೋಗುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಾಮಾಲೆಯಾದರೂ ಅದು ರಕ್ತದಲ್ಲಿ ತುಂಬಿಕೊಳ್ಳುತ್ತದೆ, ಮೇದೋಜೀರಕದ ಉರಿಯೂತದಲ್ಲೂ ಏರುತ್ತದೆ. ಕೊರಿಯಾದ ವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ನಿಷ್ಠುರವಾಗಿ ತೋರಿಸಿತು. ರೋಗದ ಲಕ್ಷಣವೇ ಇಲ್ಲದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತವನ್ನು ಪರೀಕ್ಷಿಸಿದಾಗ 1,063 ಜನರಲ್ಲಿ ಅಂಕಿ ಗೆರೆ ದಾಟಿತ್ತು. ಅವರಲ್ಲಿ ಮೇದೋಜೀರಕದ ಕ್ಯಾನ್ಸರ್ ಇದ್ದವರು 4 ಜನ. ಉಳಿದ ಸಾವಿರಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಬೇರೆ ಕ್ಯಾನ್ಸರುಗಳಿದ್ದವು. ಬಹುಪಾಲು ಜನರಿಗೆ ಸಿಕ್ಕಿದ್ದು ಭಯ ಮತ್ತು ಸ್ಕ್ಯಾನ್. ಆರೋಗ್ಯವಂತರಲ್ಲಿ ಈ ಕ್ಯಾನ್ಸರನ್ನು ಹುಡುಕಲು ಈ ಪರೀಕ್ಷೆಯನ್ನು ಬಳಸಬೇಡಿ ಎಂದು ಇವತ್ತು ಎಲ್ಲ ಮಾರ್ಗಸೂಚಿಗಳೂ ಹೇಳುತ್ತವೆ. ಆದರೂ ಹಬ್ಬದ ರಿಯಾಯಿತಿಯ 'ಫುಲ್ ಬಾಡಿ ಚೆಕಪ್' ಪಟ್ಟಿಗಳಲ್ಲಿ ಇಂಥ ಸೂಚಕಗಳು ಸೇರಿಕೊಂಡಿರುವುದುಂಟು.

ಹುಡುಕುವ ಕೆಲಸದಲ್ಲಿ ಸೋತ ಪರೀಕ್ಷೆಗೆ ಇನ್ನೊಂದು ಕೆಲಸ ಸಿಕ್ಕಿತು: ರೋಗ ಇದೆಯೆಂದು ಖಚಿತವಾದ ಮೇಲೆ ಮುಂದೇನು ಎಂದು ಹೇಳುವುದು. ಸಿಎ 19-9 ಬಹಳ ಎತ್ತರದಲ್ಲಿದ್ದರೆ ಸ್ಕ್ಯಾನಿನಲ್ಲಿ ಕಾಣದ ಸಣ್ಣ ಬೇರುಗಳು ಬೇರೆಡೆ ಹರಡಿರುವ ಸಂಭವ ಹೆಚ್ಚು. ಫಿಲಡೆಲ್ಫಿಯಾದ ಆಡಮ್ ಬರ್ಗರ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ಮುಖ್ಯವಾದದ್ದು. ಗಡ್ಡೆ ತೆಗೆದ ನಂತರ ಚಿಕಿತ್ಸೆಯ ಪ್ರಯೋಗವೊಂದರಲ್ಲಿದ್ದ ರೋಗಿಗಳನ್ನು ಅವರು ನೋಡಿದರು. ಶಸ್ತ್ರಚಿಕಿತ್ಸೆಯ ನಂತರವೂ ಅಂಕಿ 180ಕ್ಕಿಂತ ಮೇಲಿದ್ದವರಿಗೆ ಸಾವಿನ ಅಪಾಯ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. 2016ರಲ್ಲಿ ತಜ್ಞರ ಅಂತರರಾಷ್ಟ್ರೀಯ ಸಭೆಯೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಡ್ಡೆ ತೆಗೆಯಬಹುದಾದ ಜಾಗದಲ್ಲೇ ಇದ್ದರೂ ಸಿಎ 19-9 500 ಮೀರಿದ್ದರೆ ಅದನ್ನು ಸುಲಭವಾಗಿ ತೆಗೆಯಬಹುದಾದ ರೋಗವೆಂದು ಎಣಿಸಬಾರದು ಎಂದಿತು. ಅಂಥವರಿಗೆ ಮೊದಲು ಕೀಮೋಥೆರಪಿ ಕೊಟ್ಟು, ಅಂಕಿ ಇಳಿಯುತ್ತದೆಯೇ ನೋಡಿ, ನಂತರ ಕತ್ತರಿ ಹಿಡಿಯುವ ಪದ್ಧತಿ ಈಗ ಬೆಳೆಯುತ್ತಿದೆ. ಭವಿಷ್ಯ ಹೇಳುವುದಕ್ಕೆ ಇಲ್ಲಿ ಒಂದು ಉಪಯೋಗವಿದೆ: ಅದು ಚಿಕಿತ್ಸೆಯ ಕ್ರಮವನ್ನು ಬದಲಿಸುತ್ತದೆ.

ಇದರ ಜೊತೆಜೊತೆಗೆ ಇನ್ನೊಂದು ಧಾರೆ ಹರಿಯಿತು. ಅದಕ್ಕೆ ಹೊಸ ಪ್ರತಿಕಾಯವೂ ಬೇಡ, ಪೇಟೆಂಟೂ ಬೇಡ. 1863ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಶೋ ಗಡ್ಡೆಗಳೊಳಗೆ ಬಿಳಿ ರಕ್ತಕಣಗಳನ್ನು ಕಂಡು, ಕ್ಯಾನ್ಸರಿಗೂ ಉರಿಯೂತಕ್ಕೂ ನಂಟಿದೆ ಎಂದಿದ್ದ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಸ್ತುವನ್ನು ಕಂಡರು. ರೋಗ ಏರಿದಾಗ ಬಂದು, ಇಳಿದಾಗ ಹೋಗುವ ಅದೇ ಇವತ್ತಿನ ಸಿಆರ್‌ಪಿ. ಕೊರೋನಾ ಕಾಲದಲ್ಲಿ ನಮ್ಮ ಮನೆಮಾತಾದ ಪರೀಕ್ಷೆ. 2003ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸಂಶೋಧಕರು ಅದನ್ನು ಆಲ್ಬುಮಿನ್ ಜೊತೆ ಸೇರಿಸಿ ಸರಳ ಲೆಕ್ಕವೊಂದನ್ನು ಮಾಡಿದರು. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಮೀರಿದ್ದರೆ ಒಂದು ಅಂಕ, ಆಲ್ಬುಮಿನ್ ಲೀಟರಿಗೆ 35 ಗ್ರಾಮಿಗಿಂತ ಕಡಿಮೆಯಿದ್ದರೆ ಇನ್ನೊಂದು. ಒಟ್ಟು 0, 1 ಅಥವಾ 2. ಮೊದಲು ಶ್ವಾಸಕೋಶದ ಕ್ಯಾನ್ಸರಿನಲ್ಲಿ, ನಂತರ ಮೇದೋಜೀರಕವೂ ಸೇರಿ ಹಲವು ಕ್ಯಾನ್ಸರುಗಳಲ್ಲಿ, ಅಂಕ ಹೆಚ್ಚಿದಂತೆ ಆಯುಸ್ಸು ಕಡಿಮೆ ಎಂಬುದು ಕಂಡುಬಂತು. ಇದರಂತೆಯೇ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಷ್ಟು, ಲಿಂಫೋಸೈಟ್ ಎಷ್ಟು ಎಂಬ ಅನುಪಾತವೂ. ನ್ಯೂಟ್ರೋಫಿಲ್ ಹೆಚ್ಚಿ, ಗಡ್ಡೆಯ ವಿರುದ್ಧ ನಿಲ್ಲಬೇಕಾದ ಲಿಂಫೋಸೈಟ್ ಕಡಿಮೆಯಾದರೆ ಅದು ಒಳ್ಳೆಯ ಲಕ್ಷಣವಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಸಿಬಿಸಿ ಪರೀಕ್ಷೆಯ ಎರಡು ಸಾಲುಗಳನ್ನು ಭಾಗಿಸಿದರೆ ಸಾಕು. ಆದರೆ ಇಲ್ಲಿ ಒಂದೇ ಗೆರೆಯಿಲ್ಲ. ಕೆಲವು ಅಧ್ಯಯನಗಳು 5 ಎಂದವು, ಕೆಲವು 3, ಕೆಲವು ಅದಕ್ಕೂ ಕೆಳಗೆ.

ಈ ಎರಡು ಧಾರೆಗಳ ನಡುವಿನ ವ್ಯತ್ಯಾಸ ನನಗೆ ಮುಖ್ಯವೆನಿಸುತ್ತದೆ. ಸಿಎ 19-9 ಗಡ್ಡೆಯ ಬಗ್ಗೆ ಮಾತಾಡುತ್ತದೆ. ಸಿಆರ್‌ಪಿ, ಆಲ್ಬುಮಿನ್, ಬಿಳಿ ಕಣಗಳು ಗಡ್ಡೆಯನ್ನು ಹೊತ್ತ ಮನುಷ್ಯನ ಬಗ್ಗೆ ಮಾತಾಡುತ್ತವೆ: ಅವನ ಮೈ ಎಷ್ಟು ಉರಿಯುತ್ತಿದೆ, ಎಷ್ಟು ಕರಗಿದೆ, ಎಷ್ಟು ತಡೆದುಕೊಂಡೀತು. ಮೈಬಣ್ಣ, ದನಿ, ಬಲವನ್ನು ನೋಡುತ್ತಿದ್ದ ಹಳೆಯ ವೈದ್ಯ ಕೇಳುತ್ತಿದ್ದುದೂ ಈ ಎರಡನೆಯ ಪ್ರಶ್ನೆಯನ್ನೇ.

ಸೂಚಕಗಳು ಆಯುಸ್ಸನ್ನು 'ಹೇಳುತ್ತವೆ' ಎನ್ನುವುದಕ್ಕೆ ರಕ್ತ ಮಾತ್ರ ಸಾಲದು, ಲೆಕ್ಕವೂ ಬೇಕು. ನೂರು ರೋಗಿಗಳನ್ನು ಗಮನಿಸಲು ಹೊರಟರೆ ಕೆಲವರು ಸಾಯುತ್ತಾರೆ, ಕೆಲವರು ಊರು ಬಿಡುತ್ತಾರೆ, ಕೆಲವರು ಅಧ್ಯಯನ ಮುಗಿದಾಗಲೂ ಬದುಕಿರುತ್ತಾರೆ. ಇವರನ್ನೆಲ್ಲ ಒಂದೇ ಲೆಕ್ಕಕ್ಕೆ ತರುವುದು ಹೇಗೆ? 1958ರಲ್ಲಿ ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮಯರ್ ದಾರಿ ತೋರಿಸಿದರು. ಮಯರ್ ನೋಡುತ್ತಿದ್ದುದು ಕ್ಯಾನ್ಸರ್ ರೋಗಿಗಳ ಆಯುಸ್ಸು. ಕಪ್ಲಾನ್ ನೋಡುತ್ತಿದ್ದುದು ಸಮುದ್ರದಡಿಯ ಟೆಲಿಫೋನ್ ತಂತಿಗಳಲ್ಲಿ ಬಳಸುವ ನಿರ್ವಾತ ಕೊಳವೆಗಳ ಬಾಳಿಕೆ. ಇಬ್ಬರೂ ಬೇರೆ ಬೇರೆಯಾಗಿ ಒಂದೇ ಪತ್ರಿಕೆಗೆ ಕಳಿಸಿದ್ದರು, ಇಬ್ಬರ ಬರಹವೂ ಒಂದೇ ರೀತಿ ಇದ್ದುದರಿಂದ ಸೇರಿ ಬರೆಯಿರಿ ಎಂಬ ಸಲಹೆ ಬಂತು. ಕೊಳವೆ ಸುಟ್ಟುಹೋಗುವುದೂ ಮನುಷ್ಯ ಸಾಯುವುದೂ ಗಣಿತಕ್ಕೆ ಒಂದೇ. 1972ರಲ್ಲಿ ಇಂಗ್ಲೆಂಡಿನ ಡೇವಿಡ್ ಕಾಕ್ಸ್, ವಯಸ್ಸು, ಗಡ್ಡೆಯ ಗಾತ್ರ, ರಕ್ತದ ಅಂಕಿ ಇವುಗಳಲ್ಲಿ ಒಂದೊಂದೂ ಸಾವಿನ ಅಪಾಯವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂದು ಬಿಡಿಸಿ ಹೇಳುವ ವಿಧಾನ ಕೊಟ್ಟರು. ಮೇಲೆ ಹೇಳಿದ 'ಮೂರೂವರೆ ಪಟ್ಟು' ಬಂದದ್ದು ಅಲ್ಲಿಂದ. ಎರಡು ಗುಂಪುಗಳ ಆಯುಸ್ಸಿನ ರೇಖೆಗಳನ್ನು ಹೋಲಿಸಲು ಎಲ್ಲರೂ ಬಳಸುವ ಲಾಗ್-ರ್‍ಯಾಂಕ್ ಪರೀಕ್ಷೆಯನ್ನು, ಕಾಕ್ಸ್ ವಿಧಾನದೊಳಗೆ ನೋಡಿದರೆ, 1948ರಲ್ಲಿ ಸಿ. ಆರ್. ರಾವ್ ಮಂಡಿಸಿದ ಸ್ಕೋರ್ ಪರೀಕ್ಷೆಯ ಒಂದು ರೂಪವಾಗಿ ಪಡೆಯಬಹುದು. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ.

ಈ ಲೆಕ್ಕಗಳ ಕೊನೆಗೆ ಬರುವುದು ಮಧ್ಯಾಂಕ. ಮಧ್ಯಾಂಕ ಹನ್ನೊಂದು ತಿಂಗಳು ಎಂದರೆ ಅರ್ಧ ಜನ ಅಷ್ಟರೊಳಗೆ ಸತ್ತರು, ಅರ್ಧ ಜನ ಅದನ್ನು ದಾಟಿದರು ಎಂದಷ್ಟೇ. ದಾಟಿದವರು ಎಷ್ಟು ದೂರ ಹೋದರು ಎಂದು ಅದು ಹೇಳುವುದಿಲ್ಲ. ಪ್ರಾಗ್ಜೀವಶಾಸ್ತ್ರಜ್ಞ, ಪ್ರಬಂಧಕಾರ ಸ್ಟೀಫನ್ ಜೇ ಗೂಲ್ಡ್ ಇದನ್ನು ಮೈಮೇಲೆ ಹೊತ್ತು ಬರೆದರು. 1982ರಲ್ಲಿ ಅವರಿಗೆ ಹೊಟ್ಟೆಯ ಪೊರೆಯ ಅಪರೂಪದ ಕ್ಯಾನ್ಸರ್ ಬಂತು. ಪುಸ್ತಕಗಳಲ್ಲಿ ಅದರ ಮಧ್ಯಾಂಕ ಎಂಟು ತಿಂಗಳು. ತಾನು ರೇಖೆಯ ಬಲಗಡೆಯ ಉದ್ದನೆಯ ಬಾಲದಲ್ಲಿ ಇರಬಹುದಲ್ಲವೇ ಎಂದು ಲೆಕ್ಕ ಹಾಕಿ 1985ರಲ್ಲಿ ಒಂದು ಪ್ರಬಂಧ ಬರೆದರು. ಮತ್ತೆ ಇಪ್ಪತ್ತು ವರ್ಷ ಬದುಕಿ, 2002ರಲ್ಲಿ ಬೇರೆಯೇ ಒಂದು ಕ್ಯಾನ್ಸರಿನಿಂದ ತೀರಿಕೊಂಡರು. ಗೂಲ್ಡ್ ಉದಾಹರಣೆಯನ್ನು ಎಲ್ಲರಿಗೂ ಭರವಸೆಯಾಗಿ ಹಂಚುವುದು ಸರಿಯಲ್ಲ. ಬಾಲದಲ್ಲಿರುವವರು ಕಡಿಮೆ ಎಂಬುದಕ್ಕೇ ಅದನ್ನು ಬಾಲ ಎನ್ನುವುದು. ಆದರೆ ಯಾರು ಬಾಲದಲ್ಲಿದ್ದಾರೆ ಎಂದು ಮೊದಲ ದಿನವೇ ಯಾವ ಪರೀಕ್ಷೆಯೂ ಹೇಳಲಾರದು.

ಮೇದೋಜೀರಕದ ಕ್ಯಾನ್ಸರಿನಲ್ಲೇ ಇನ್ನೊಂದು ಉದಾಹರಣೆಯಿದೆ. ಸಿಆರ್‌ಪಿ ಕಂಡುಹಿಡಿದ ಅದೇ ರಾಕ್‌ಫೆಲರ್‌ನಲ್ಲಿ, ರೋಗನಿರೋಧಕ ವ್ಯವಸ್ಥೆಯ ಡೆಂಡ್ರೈಟಿಕ್ ಕೋಶಗಳನ್ನು ಕಂಡವರು ರಾಲ್ಫ್ ಸ್ಟೈನ್‌ಮನ್. 2007ರಲ್ಲಿ ಅವರಿಗೆ ಈ ಕ್ಯಾನ್ಸರ್ ಪತ್ತೆಯಾಯಿತು. ಇತರ ಚಿಕಿತ್ಸೆಗಳೊಂದಿಗೆ ತಮ್ಮ ಸಂಶೋಧನೆಯಿಂದ ಹುಟ್ಟಿದ ಲಸಿಕೆಗಳನ್ನು ತಮ್ಮ ಮೇಲೇ ಪ್ರಯೋಗಿಸಿಕೊಂಡು ನಾಲ್ಕು ವರ್ಷಕ್ಕೂ ಹೆಚ್ಚು ಬದುಕಿದರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಮೂರು ದಿನಗಳ ನಂತರ ಅವರಿಗೆ ನೊಬೆಲ್ ಘೋಷಣೆಯಾಯಿತು. ಅವರನ್ನು ಉಳಿಸಿದ್ದು ಯಾವುದು ಎಂದು ಒಬ್ಬರ ಜೀವನದಿಂದ ಹೇಳಲಾಗದು. ವಿಜ್ಞಾನಿಯಾಗಿ ಅದು ಅವರಿಗೂ ಗೊತ್ತಿದ್ದಿರಬೇಕು.

ಸೂಚಕಗಳ ಹುಡುಕಾಟ ನಿಂತಿಲ್ಲ. ರಕ್ತದಲ್ಲಿ ಕೋಶಗಳ ಹೊರಗೆ ಡಿಎನ್‌ಎ ತೇಲುತ್ತಿರುತ್ತದೆ ಎಂದು 1948ರಲ್ಲಿ ಫ್ರಾನ್ಸಿನ ಮಾಂಡೆಲ್ ಮತ್ತು ಮೆಟೇಸ್ ತೋರಿಸಿದ್ದರು. 1994ರಲ್ಲಿ ಮೇದೋಜೀರಕದ ಕ್ಯಾನ್ಸರಿನ ರೋಗಿಗಳ ರಕ್ತದಲ್ಲಿ ಗಡ್ಡೆಯದ್ದೇ ಆದ, ಕೆಡುಕಾದ ಕೆರಾಸ್ ಜೀನಿನ ತುಣುಕುಗಳು ಸಿಕ್ಕವು. ಲೂಯಿಸ್ ಗುರುತಿಲ್ಲದವರಿಗೂ ಇದು ಅನ್ವಯಿಸುತ್ತದೆ. 2019ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಡೇವಿಡ್ ಟುವೆಸನ್ ತಂಡ ಇನ್ನೊಂದು ಬೆರಗಿನ ಸಂಗತಿಯನ್ನು ಹೇಳಿತು. ಇಲಿಗಳ ದೇಹ ಸಿಎ 19-9 ತಯಾರಿಸುವುದಿಲ್ಲ. ಜೀನುಗಳನ್ನು ಸೇರಿಸಿ ತಯಾರಿಸುವಂತೆ ಮಾಡಿದಾಗ ಅವುಗಳ ಮೇದೋಜೀರಕದಲ್ಲಿ ತೀವ್ರ ಉರಿಯೂತ ಶುರುವಾಯಿತು. ಪ್ರತಿಕಾಯ ಕೊಟ್ಟಾಗ ಉರಿಯೂತ ತಗ್ಗಿತು. ನಲವತ್ತು ವರ್ಷ ನಾವು ಹೊಗೆ ಎಂದುಕೊಂಡಿದ್ದದ್ದು ಬೆಂಕಿಗೆ ಹಾಕಿದ ಸೌದೆಯೂ ಆಗಿರಬಹುದು.

ಇಷ್ಟೆಲ್ಲ ಓದಿದ ಮೇಲೆ 37 ನನಗೆ ಹಣೆಬರಹದಂತೆ ಕಾಣುವುದಿಲ್ಲ. ಟೆಕ್ಸಾಸಿನ ಹೆಸರಿಲ್ಲದ ರೋಗಿಯೊಬ್ಬರ ಗಡ್ಡೆ, ಕೇಂಬ್ರಿಡ್ಜಿನಿಂದ ಅಂಚೆಯಲ್ಲಿ ಹೋದ ಕೋಶಗಳು, ಕೆಲವು ಇಲಿಗಳು, ಅಮೆರಿಕದ ರಕ್ತದಾನಿಗಳು, ಒಂದು ಕಂಪನಿ ಎಲ್ಲ ಸೇರಿ ಎಳೆದ ಗೆರೆ ಅದು. ಗುಂಪಿನ ಬಗ್ಗೆ ಅದು ಹೇಳುವುದನ್ನು ನಂಬಬಹುದು, ನಂಬಲೂಬೇಕು; ಶಸ್ತ್ರಚಿಕಿತ್ಸೆ ಮೊದಲೋ ಕೀಮೋ ಮೊದಲೋ ಎಂಬುದು ಅದರ ಮೇಲೆ ನಿಂತಿದೆ. ಒಬ್ಬರ ಬಗ್ಗೆ ಅದು ಹೇಳುವುದನ್ನು ಕೇಳುವಾಗ ಕೆಲವು ಪ್ರಶ್ನೆಗಳು ಜೊತೆಗಿರಬೇಕು: ಆಗ ಕಾಮಾಲೆ ಇತ್ತೇ? ಅದೇ ಲ್ಯಾಬೇ? ಏರುತ್ತಿದೆಯೋ ಇಳಿಯುತ್ತಿದೆಯೋ? ಮೊದಲಿನಿಂದಲೂ ಶೂನ್ಯದ ಹತ್ತಿರವೇ ಇದೆಯೇ? ಈ ಪ್ರಶ್ನೆಗಳನ್ನು ವೈದ್ಯರ ಬಳಿ ಕೇಳಲು ಯಾರೂ ಹಿಂಜರಿಯಬೇಕಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೂ ಮೊದಲಿನ ಪ್ರಶ್ನೆಯೊಂದಿದೆ. ವರದಿ ಮಗನ ಮೊಬೈಲಿಗೆ ಬರುತ್ತದೆ, ಅವನು ಹೊರಗೆ ವರಾಂಡಾದಲ್ಲಿ ವೈದ್ಯರೊಡನೆ ಮಾತಾಡುತ್ತಾನೆ, ಒಳಗೆ ಬಂದು "ಏನಿಲ್ಲಮ್ಮ, ಸ್ವಲ್ಪ ಇನ್‌ಫೆಕ್ಷನ್" ಎನ್ನುತ್ತಾನೆ. ಅವನ ಸುಳ್ಳಿನಲ್ಲಿ ಪ್ರೀತಿಯಿದೆ. ಹೇಳಿದರೆ ಆಘಾತವಾದೀತು ಎಂಬ ಚರಕನ ಅಳುಕೇ ಅವನದೂ. ಆದರೆ ಕೇಳದೆ ಹೇಳಕೂಡದು ಎಂಬ ಮಾತಿನಲ್ಲಿ ಕೇಳುವ ಅವಕಾಶ ರೋಗಿಗೆ ಇದೆ ಎಂಬ ಅರ್ಥವೂ ಅಡಗಿದೆ ಎಂದು ನಾನು ಓದಿಕೊಳ್ಳುತ್ತೇನೆ. ಉಳಿದ ತಿಂಗಳುಗಳು ಯಾರವೋ ಅವರಿಗೆ ತಾವು ತಿಳಿಯಬೇಕೇ ಬೇಡವೇ, ಎಷ್ಟು ತಿಳಿಯಬೇಕು, ಯಾರ ಬಾಯಿಂದ ಎಂದು ಒಮ್ಮೆ ಕೇಳಬಹುದು. ಬೇಡವೆಂದರೆ ಅದನ್ನೂ ಗೌರವಿಸಬಹುದು. ಆ ತಾಯಿಗೆ ಮೊಮ್ಮಗಳ ಮದುವೆಯನ್ನು ಮಾಘಕ್ಕೆ ಬದಲು ಕಾರ್ತಿಕದಲ್ಲೇ ಮಾಡಿಸುವ ಮನಸ್ಸಿರಬಹುದು, ಗದ್ದೆಯ ಪತ್ರ ಮಗಳ ಹೆಸರಿಗೆ ಮಾಡಿಸಬೇಕಿರಬಹುದು. ಅದನ್ನು ಅವಳು ಹೇಳುವಂತಾಗಬೇಕಾದರೆ, ಅಂಕಿ ಅವಳಿಗೂ ಗೊತ್ತಿರಬೇಕು.